ಅಲೆ ಹೊಕುಸಾಯ್‌ದು, ಬೆಳಕು ಯಾರದು?

ಜಪಾನಿನ ಸಾವಿರ ಯೆನ್ ನೋಟಿನ ಹಿಂಬದಿಯಲ್ಲಿ 2024ರ ಜುಲೈನಿಂದ ಒಂದು ಅಲೆ ಎದ್ದು ನಿಂತಿದೆ. ನೋಟಿಗೆ ಬರುವ ಎಷ್ಟೋ ಮೊದಲೇ ಅದು ಟೀ ಶರ್ಟು, ಕಾಫಿ ಮಗ್ಗು, ಮೊಬೈಲ್ ಕವರು, ಹೋಟೆಲಿನ ಗೋಡೆ ಎಲ್ಲದರ ಮೇಲೂ ಅಪ್ಪಳಿಸಿ ಆಗಿತ್ತು. ಕತ್ಸುಶಿಕಾ ಹೊಕುಸಾಯ್ 1831ರ ಸುಮಾರಿಗೆ ರಚಿಸಿದ ಈ ಚಿತ್ರ ‘ಫೂಜಿ ಪರ್ವತದ ಮೂವತ್ತಾರು ನೋಟಗಳು’ ಮಾಲಿಕೆಯದು. (ಹೆಸರಿಗೆ ಮೂವತ್ತಾರು, ಜನ ಮುಗಿಬಿದ್ದು ಕೊಂಡದ್ದರಿಂದ ಇನ್ನೂ ಹತ್ತು ಸೇರಿ ಕೊನೆಗೆ 46 ಆಯಿತು.) ಮಗ್ಗಿನ ಮೇಲೆ ಬರುವಾಗ ಈ ಚಿತ್ರಕ್ಕೆ ಏನಾಗುತ್ತದೆ ಗಮನಿಸಿ. ಪಂಜದಂತೆ ಬಾಗಿದ ನೊರೆ ಉಳಿಯುತ್ತದೆ, ಆಕಾಶ ಹೋಗುತ್ತದೆ. ಮೂಲದ ಒಳ್ಳೆಯ ಪ್ರತಿಗಳಲ್ಲಿ ಫೂಜಿಯ ಬೆನ್ನಿಗೆ ಬೂದು ಬಣ್ಣದ ಮಬ್ಬೊಂದಿದೆ. ಬಾನಂಚಿನಲ್ಲಿ ದಟ್ಟ, ಮೇಲೇರಿದಂತೆ ತೆಳು, ಆಮೇಲೆ ಇಲ್ಲವೇ ಇಲ್ಲ. ಬೆಟ್ಟದ ನೆತ್ತಿಯ ಹಿಮ ಅಷ್ಟು ಬೆಳ್ಳಗೆ ಕಾಣುವುದು, ಮೀನು ಸಾಗಿಸುವ ಆ ದೋಣಿಗಳಲ್ಲಿ ಹುಟ್ಟಿಗೆ ಅವುಚಿಕೊಂಡವರು ಬೆಳಗಿನ ಜಾವದ ಚಳಿಯಲ್ಲಿದ್ದಾರೆ ಎನಿಸುವುದು ಆ ಮಬ್ಬಿನ ದೆಸೆಯಿಂದ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಅಲೆಯ ಲಾಂಛನ. ಹೊತ್ತು ಯಾವುದೆಂದು ಹೇಳಲಾಗದು. ಆ ಮಬ್ಬನ್ನು ಕಾಗದಕ್ಕೆ ಇಳಿಸಿದ್ದು ಹೊಕುಸಾಯ್‌ನ ಕೈ ಅಲ್ಲ. ಜಪಾನಿನ ಕಡಲ ಚಿತ್ರಗಳನ್ನು ನಾವು ಮೆಚ್ಚುವುದು ಅವುಗಳ ಬೆಳಕಿಗಾಗಿ. ಆ ಬೆಳಕಿನಲ್ಲಿ ದೊಡ್ಡ ಪಾಲು ಅಚ್ಚೊತ್ತಿದವರದು ಎಂಬುದು ನನ್ನ ವಾದ.

ವಾದ ನಿಲ್ಲಬೇಕಾದರೆ ಈ ಚಿತ್ರಗಳು ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ಮೊದಲು ನೋಡಬೇಕು. ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಒಂದು ಮರದಚ್ಚಿನ ಚಿತ್ರಕ್ಕೆ ನಾಲ್ಕು ಜನ ಬೇಕಿತ್ತು: ಬರೆಯುವವನು, ಕೆತ್ತುವವನು, ಅಚ್ಚೊತ್ತುವವನು, ಈ ಮೂವರಿಗೂ ದುಡ್ಡು ಕೊಟ್ಟು ಮಾರುಕಟ್ಟೆಯ ನಾಡಿ ನೋಡುವ ಪ್ರಕಾಶಕ. ಚಿತ್ರಗಾರ ತೆಳುಕಾಗದದ ಮೇಲೆ ಶಾಯಿಯಲ್ಲಿ ಗೆರೆಚಿತ್ರ ಬರೆದುಕೊಟ್ಟರೆ ಕೆತ್ತನೆಗಾರ ಅದನ್ನು ಕಾಡು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನು ಉಳಿಸಿ ಮಿಕ್ಕಿದ್ದನ್ನು ಉಳಿಯಿಂದ ಎತ್ತಿಹಾಕುತ್ತಿದ್ದ. ಅಲ್ಲಿಗೆ ಚಿತ್ರಗಾರನ ಕೈಬರಹ ಮರದ ಚೂರುಗಳ ಜೊತೆ ಕಸ ಸೇರುತ್ತಿತ್ತು. ಹೊಕುಸಾಯ್‌ನ ‘ಮೂಲ’ ಅಲೆ ಯಾವ ಮ್ಯೂಸಿಯಂನಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಅಂಥದ್ದೊಂದು ಉಳಿಯುವಂತೆಯೇ ಇರಲಿಲ್ಲ. ಇರುವುದೆಲ್ಲ ಅಚ್ಚಿನ ಪ್ರತಿಗಳು. ಸಾವಿರಗಟ್ಟಲೆ ಹೊರಟು, ಪ್ರಪಂಚದ ಸಂಗ್ರಹಗಳಲ್ಲಿ ಇಂದು ನೂರಕ್ಕೆ ತುಸು ಮೇಲೆ ಉಳಿದಿವೆ. ಬಂದ ಹೊಸತರಲ್ಲಿ ಒಂದು ಹಾಳೆಯ ಬೆಲೆ ಒಂದೆರಡು ಬಟ್ಟಲು ನೂಡಲ್ಸಿನಷ್ಟು. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಪ್ರತಿ 27 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಆ ದುಡ್ಡು ಯಾವುದಕ್ಕೆ? ಎಲ್ಲ ಪ್ರತಿಗಳಲ್ಲೂ ಗೆರೆ ಒಂದೇ. ಒಂದಕ್ಕೆ ಲಕ್ಷಗಳು, ಇನ್ನೊಂದಕ್ಕೆ ಸಾವಿರಗಳು ಬೀಳುವುದು ಅಚ್ಚು ಎಷ್ಟು ಸವೆದಿದೆ, ಬಣ್ಣ ಹೇಗೆ ಕೂತಿದೆ, ಆಕಾಶ ಹೇಗೆ ತಿಳಿಯಾಗಿದೆ ಎಂಬುದರ ಮೇಲೆ. ಅಂದರೆ ಅಚ್ಚಿನ ಮನೆಯ ಕೆಲಸದ ಮೇಲೆ. ಹರಾಜಿನವರಿಗೆ ಚೆನ್ನಾಗಿ ಗೊತ್ತಿರುವ ಈ ಸಂಗತಿ ಕಲೆಯ ಚರಿತ್ರೆ ಬರೆಯುವಾಗ ಯಾಕೋ ಮರೆತುಹೋಗುತ್ತದೆ.

ಆಕಾಶ ತಿಳಿಯಾಗುವ ಈ ಕ್ರಮಕ್ಕೆ ಜಪಾನಿನಲ್ಲಿ ಬೊಕಾಶಿ ಎನ್ನುತ್ತಾರೆ. ಆಕಾಶಕ್ಕಾಗಿ ಬಿಟ್ಟ ಅಚ್ಚಿನಲ್ಲಿ ಕೆತ್ತನೆ ಎನ್ನುವಂಥದ್ದು ಏನೂ ಇರುವುದಿಲ್ಲ. ಅದೊಂದು ನುಣುಪಾದ ಬರಿ ಹಲಗೆ. ಅಚ್ಚುಗಾರ ನೆಲಕ್ಕೆ ಕೂತು, ಎದುರಿನ ಓರೆ ಮಣೆಯ ಮೇಲೆ ಹಲಗೆಯನ್ನಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಬೇಕಾದಷ್ಟು ಭಾಗಕ್ಕೆ ನೀರು ಸವರುತ್ತಾನೆ. ಅಗಲ ಬ್ರಷ್ಷಿನ ಒಂದು ಮೂಲೆಗೆ ಮಾತ್ರ ಬಣ್ಣ ಹಚ್ಚಿ, ಅಕ್ಕಿ ಗಂಜಿಯ ಚೂರು ಸೇರಿಸಿ, ಹಲಗೆಯ ಅಂಚಿನುದ್ದಕ್ಕೂ ಅತ್ತಿಂದಿತ್ತ ಎಳೆಯುತ್ತಾನೆ. ಬಣ್ಣವಿದ್ದ ಮೂಲೆಯ ಕಡೆ ಗಾಢ, ನೀರಿನ ಕಡೆ ಹೋದಂತೆ ತಿಳಿ. ಮೊದಲೇ ತೇವ ಮಾಡಿಟ್ಟ, ಕೋಜೊ ಗಿಡದ ನಾರಿನ ಕಾಗದವನ್ನು ಮೂಲೆಯ ಕೆಂತೋ ಗುರುತಿಗೆ ತಾಗಿಸಿ ಮೇಲೆ ಹಾಸಿ, ಬಿದಿರಿನ ಹಾಳೆ ಸುತ್ತಿದ ಬರೆನ್ ಎಂಬ ಬಿಲ್ಲೆಯಿಂದ ಬೆನ್ನಿನ ಮೇಲೆ ಉಜ್ಜುತ್ತಾನೆ. ಕಾಗದ ಎತ್ತಿದರೆ ಒಂದು ಆಕಾಶ. ಮುಂದಿನ ಪ್ರತಿಗೆ ಮತ್ತೆ ನೀರು, ಮತ್ತೆ ಬಣ್ಣ, ಮತ್ತೆ ಅದೇ ಅಂದಾಜು. ಚಿತ್ರದ ನೆತ್ತಿಯಲ್ಲಿ ಅಡ್ಡಕ್ಕೆ ಎಳೆದ ಗಾಢ ಪಟ್ಟಿಗೆ ಇಚಿಮೊಂಜಿ ಬೊಕಾಶಿ ಎಂದು ಹೆಸರು. ಜಪಾನಿ ಲಿಪಿಯಲ್ಲಿ ‘ಒಂದು’ ಎಂಬ ಅಕ್ಷರ ಒಂದೇ ಅಡ್ಡಗೆರೆಯಾದ್ದರಿಂದ ಆ ಹೆಸರು. ಯಾವ ಆಕಾರದ ಕಟ್ಟಿಗೂ ಸಿಗದೆ ಮೋಡದಂತೆ ಹರಡುವುದಕ್ಕೆ ಅತೆನಾಶಿ ಬೊಕಾಶಿ. ಇದಕ್ಕೆ ಹಲಗೆಯಲ್ಲಿ ಗುರುತೂ ಇರದು, ಎಲ್ಲಿ ಶುರು, ಎಲ್ಲಿ ಕೊನೆ ಎಂದು ಕೈಗೇ ಗೊತ್ತಿರಬೇಕು. ಗೆರೆಯನ್ನು ಮರ ನೆನಪಿಟ್ಟುಕೊಳ್ಳುತ್ತದೆ, ಬೊಕಾಶಿಯನ್ನು ನೆನಪಿಟ್ಟುಕೊಳ್ಳುವುದು ಅಚ್ಚುಗಾರನ ಮಣಿಕಟ್ಟು.

ಈ ವಿದ್ಯೆ ಕಡಲ ಚಿತ್ರಗಳಲ್ಲೇ ಅಷ್ಟೊಂದು ಅರಳಿದ್ದು ಸುಮ್ಮನೆ ಅಲ್ಲ. ನಟರ, ಸುಂದರಿಯರ ಚಿತ್ರಗಳಲ್ಲಿ ಹಾಳೆಯ ತುಂಬ ಬಟ್ಟೆಯ ನೆರಿಗೆ, ಹೂಬಳ್ಳಿ, ಮುಡಿ. ತಿಳಿಯಾಗುತ್ತ ಹೋಗಲು ಬಣ್ಣಕ್ಕೆ ಜಾಗವೆಲ್ಲಿ? ಕಡಲು ಜಾಗ ಕೊಡುತ್ತದೆ. ಎದೋದಿಂದ ಕ್ಯೋಟೋಗೆ ಹೋಗುವ ತೊಕಾಯಿದೋ ಹೆದ್ದಾರಿ ಬಹಳ ದೂರ ಕರಾವಳಿಯ ಮಗ್ಗುಲಲ್ಲೇ ಸಾಗುತ್ತದೆ. ಉತಾಗಾವಾ ಹಿರೋಶಿಗೆ 1833–34ರಲ್ಲಿ ಆ ದಾರಿಯ 53 ತಂಗುದಾಣಗಳನ್ನು, ಎರಡು ತುದಿಗಳನ್ನೂ ಸೇರಿಸಿ 55 ಚಿತ್ರಗಳಲ್ಲಿ ತಂದ. ಅದರಲ್ಲಿ ಯೂಯಿ ಎಂಬ ಊರಿನ ಸತ್ತಾ ಕಣಿವೆ ಹಾದಿಯ ಚಿತ್ರವನ್ನು ನೋಡಿ. ಎಡಕ್ಕೆ ಕಡಿದಾದ ಬಂಡೆ, ಅದರ ಅಂಚಿನಿಂದ ಬಗ್ಗಿ ನೋಡುತ್ತಿರುವ ಇರುವೆಯಷ್ಟು ಪ್ರಯಾಣಿಕರು, ಗಾಳಿಗೆ ಓಲಿದ ಪೈನ್ ಮರಗಳು. ಮಿಕ್ಕ ಅರ್ಧದಲ್ಲಿ ಸುರುಗಾ ಕೊಲ್ಲಿ, ಬಿಳಿ ಹಾಯಿಗಳು, ಆಚೆ ಫೂಜಿ. ಈ ಅರ್ಧದಲ್ಲಿ ಕೆತ್ತನೆಗಾರನಿಗೆ ಕೆಲಸ ಕಡಿಮೆ. ನೀರು ಎಲ್ಲಿ ಆಳ, ಎಲ್ಲಿ ಬಿಸಿಲಿಗೆ ಮಿನುಗುತ್ತದೆ ಎಂಬುದನ್ನೆಲ್ಲ ಹೇಳುವುದು ನೀಲಿಯ ಏರಿಳಿತ. ಹಾಯಿಗೂ ಹಿಮಕ್ಕೂ ಬಣ್ಣ ಬಳಿದಿಲ್ಲ. ಅದು ಬರೀ ಕಾಗದ. ಎಣ್ಣೆ ಬಣ್ಣದವನು ಕೊನೆಯಲ್ಲಿ ಬಿಳಿ ಹಚ್ಚಿ ಹೊಳಪು ತಂದರೆ ಇಲ್ಲಿ ಸುತ್ತಲಿನದನ್ನು ಕತ್ತಲಾಗಿಸಿ ಕಾಗದವನ್ನು ಹೊಳೆಯಿಸಬೇಕು. ಹಾಗಾಗಿ ಆ ಕತ್ತಲನ್ನು ಎಷ್ಟು ಇಡಬೇಕು ಎಂದು ಗೊತ್ತಿರುವವನೇ ಬೆಳಕಿನ ಯಜಮಾನ.

ಇದಕ್ಕೆ ಮೊದಲ ತಕರಾರು ಬಣ್ಣದ ಕಡೆಯಿಂದ ಬರುತ್ತದೆ: ಅಚ್ಚುಗಾರನ ಕೈ ಎನ್ನುತ್ತೀರಿ, ಅಸಲಿಗೆ ಇದು ಜರ್ಮನಿಯ ನೀಲಿಯ ಮಹಿಮೆ ಅಲ್ಲವೇ? ಮಾತಿನಲ್ಲಿ ಹುರುಳಿದೆ. ಪ್ರಷ್ಯನ್ ನೀಲಿ ಬರ್ಲಿನ್ನಿನಲ್ಲಿ ಹದಿನೆಂಟನೇ ಶತಮಾನದ ಆರಂಭದಲ್ಲಿ ಆಕಸ್ಮಿಕವಾಗಿ ಸಿಕ್ಕ ಬಣ್ಣ. ಡಚ್ಚರ, ಚೀನೀಯರ ಹಡಗುಗಳಲ್ಲಿ ನಾಗಸಾಕಿಗೆ ಬಂದು, 1820ರ ದಶಕದ ಕೊನೆಗೆ ಅಗ್ಗವಾಗಿ, ಎದೋದ ಅಚ್ಚಿನ ಮನೆಗಳನ್ನು ಹೊಕ್ಕಿತು. ಜಪಾನೀಯರು ಅದನ್ನು ‘ಬೆರೋ’ ಎಂದದ್ದರಲ್ಲೇ ಬರ್ಲಿನ್ ಇದೆ. ಅದಕ್ಕೆ ಮುಂಚೆ ಬಳಸುತ್ತಿದ್ದ ಹೂವಿನ ನೀಲಿ ಬೇಗ ಮಾಸುತ್ತಿತ್ತು. ಗಿಡದ ನೀಲಿಗೆ ಆ ಹೊಳಪಿಲ್ಲ. ಬೆರೋ ಚಿಟಿಕೆಯಷ್ಟಿದ್ದರೂ ಸಾಕು, ನಡುರಾತ್ರಿಯಿಂದ ನಸುಕಿನವರೆಗೆ ಎಲ್ಲ ಛಾಯೆಗೂ ಇಳಿಯುತ್ತದೆ. ಅದಿಲ್ಲದಿದ್ದರೆ ಹೊಕುಸಾಯ್‌ನ ಅಲೆಯೂ ಹಿರೋಶಿಗೆಯ ಕೊಲ್ಲಿಗಳೂ ಈಗಿನ ರೂಪದಲ್ಲಿ ಇರುತ್ತಿರಲಿಲ್ಲ. ಇಷ್ಟನ್ನು ಒಪ್ಪಿಕೊಂಡೇ ಕೇಳಬಹುದು: ಯುರೋಪಿನವರ ಕೈಯಲ್ಲಿ ಅದೇ ನೀಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಇತ್ತಲ್ಲ, ಅವರ ಅಚ್ಚಿನ ಚಿತ್ರಗಳಲ್ಲಿ ಇಂಥ ಆಕಾಶ ಯಾಕೆ ಮೂಡಲಿಲ್ಲ? ಬಣ್ಣ ಬರ್ಲಿನ್ನಿನಿಂದ ಬಂತು, ಒದ್ದೆ ಬಟ್ಟೆ ಎದೋದ್ದು. ಹೊರಗಿನಿಂದ ಬಂದ ಸರಕನ್ನು ತನ್ನದಾಗಿಸಿಕೊಂಡವನಿಗೆ ಸಲ್ಲಬೇಕಾದ ಮನ್ನಣೆಯನ್ನು ಸರಕು ತಂದ ಹಡಗಿಗೆ ಕೊಡಲಾಗದು.

ಎರಡನೆಯದು ಇದಕ್ಕಿಂತ ಗಟ್ಟಿಯಾದ ತಕರಾರು. ಬಣ್ಣ ಎಲ್ಲಿ ಗಾಢ, ಎಲ್ಲಿ ತಿಳಿ ಎಂದು ಚಿತ್ರಗಾರನೇ ಪರೀಕ್ಷಾ ಪ್ರತಿಗಳ ಮೇಲೆ ಗುರುತು ಹಾಕಿ ಕೊಡುತ್ತಿದ್ದ, ಮೊದಲ ಸುತ್ತಿನ ಅಚ್ಚನ್ನು ಅವನೂ ಪ್ರಕಾಶಕನೂ ನೋಡಿ ಒಪ್ಪುತ್ತಿದ್ದರು. ಅಚ್ಚುಗಾರ ಹೇಳಿದ್ದನ್ನು ಮಾಡಿದ ಕೆಲಸಗಾರ ಅಷ್ಟೇ, ಕಟ್ಟಡದ ಕೀರ್ತಿಯನ್ನು ಗಾರೆಯವನಿಗೆ ಕೊಡುತ್ತೇವೆಯೇ ಎಂದು ಕೇಳುವವರಿದ್ದಾರೆ. ಹೇಳಿಕೆ ಇತ್ತು ಎಂಬುದು ನಿಜ. ಆದರೆ ‘ಇಲ್ಲಿ ತಿಳಿಯಾಗಲಿ’ ಎಂಬ ಹೇಳಿಕೆಗೂ ತಿಳಿಯಾದ ಆಕಾಶಕ್ಕೂ ನಡುವೆ ಎಷ್ಟು ದೂರವಿದೆ ಎಂಬುದಕ್ಕೆ ಉಳಿದ ಪ್ರತಿಗಳೇ ಸಾಕ್ಷಿ. ಅಲೆ ಇರುವ ಮಾಲಿಕೆಯದೇ ಆದ ‘ಕೆಂಪು ಫೂಜಿ’ಯನ್ನು ತೆಗೆದುಕೊಳ್ಳಿ. ತೀರ ಮೊದಲಿನ, ಈಗ ಬಲು ಅಪರೂಪವಾದ ಪ್ರತಿಗಳಲ್ಲಿ ಬೆಟ್ಟ ಕೆಂಪಲ್ಲ, ನಸುಗೆಂಪು. ಸೂರ್ಯ ಆಗತಾನೇ ಇಳಿಜಾರನ್ನು ಮುಟ್ಟಿದ ಹಾಗಿದೆ. ಆಮೇಲಿನ ಪ್ರತಿಗಳಲ್ಲಿ ಇಟ್ಟಿಗೆಗೆಂಪು ಏರಿದೆ, ನೀಲಿ ಜೋರಾಗಿದೆ. ಹಲಗೆ ಅದೇ, ಗೆರೆ ಅದೇ, ಹೊತ್ತು ಬೇರೆ. ಹಿರೋಶಿಗೆಯ ‘ಎದೋದ ನೂರು ಪ್ರಸಿದ್ಧ ನೋಟಗಳು’ (1856–58) ಮಾಲಿಕೆಯಲ್ಲೂ ಇದೇ ಕತೆ. ಶಿನ್-ಓಹಾಶಿ ಸೇತುವೆಯ ಮೇಲೆ ಮಳೆ ಸುರಿಯುವ ಪ್ರಸಿದ್ಧ ಚಿತ್ರದ ಒಳ್ಳೆಯ ಪ್ರತಿಗಳಲ್ಲಿ ನೆತ್ತಿಯ ಮೋಡ ನಿಜಕ್ಕೂ ಹೊಟ್ಟೆ ಇಳಿಬಿಟ್ಟುಕೊಂಡು ತೂಗುತ್ತದೆ. ಅವಸರದಲ್ಲಿ ಒತ್ತಿದ ಪ್ರತಿಗಳಲ್ಲಿ ಅದೊಂದು ಕಪ್ಪು ಪಟ್ಟಿ ಮಾತ್ರ. ಮಾರಾಟ ಚೆನ್ನಾಗಿದ್ದಾಗ ಪ್ರಕಾಶಕರು ಮೊದಲು ಕೈಬಿಡುತ್ತಿದ್ದುದು ಬೊಕಾಶಿಯನ್ನೇ, ಏಕೆಂದರೆ ಅದು ಸಮಯ ತಿನ್ನುತ್ತದೆ. ಕೆಲಸಗಾರ ಬರೀ ಹೇಳಿದ್ದನ್ನು ಮಾಡುವವನಾಗಿದ್ದರೆ ಅವನ ಸಮಯ ಉಳಿಸಿದಾಗ ಚಿತ್ರದ ಹೊತ್ತು ಬದಲಾಗಬಾರದಿತ್ತು. ಹೊಕುಸಾಯ್‌ನಿಂದ ಅಲೆಯನ್ನು ಕಿತ್ತುಕೊಳ್ಳುವ ಉದ್ದೇಶ ನನಗಿಲ್ಲ. ಅಲೆಯನ್ನು ಅಷ್ಟು ದೊಡ್ಡದಾಗಿ, ಫೂಜಿಯನ್ನು ಅಷ್ಟು ಚಿಕ್ಕದಾಗಿ ಕಂಡ ಕಣ್ಣು ಅವನದೇ. ರಾಗ ಅವನದಾದರೂ ಹಾಡಿದ ದನಿ ಇನ್ನೊಬ್ಬರದು ಎಂದಷ್ಟೇ ಹೇಳುತ್ತಿದ್ದೇನೆ.

ನೆರಳೇ ಇಲ್ಲದ ಚಿತ್ರದಲ್ಲಿ ಬೆಳಕೆಲ್ಲಿಂದ ಬಂತು ಎನ್ನುವುದು ಇನ್ನೊಂದು ಆಕ್ಷೇಪ, ಯುರೋಪಿನ ಚಿತ್ರಕಲೆಯನ್ನು ನೋಡಿ ಪಳಗಿದ ಕಣ್ಣಿನದು. ಎದೋ ಕಾಲದ ಚಿತ್ರಗಳಲ್ಲಿ ಮನುಷ್ಯರ ಕಾಲಡಿಯಲ್ಲಿ ನೆರಳು ಬೀಳುವುದು ಅಪರೂಪ. ಗೊತ್ತಿಲ್ಲದೆ ಬಿಟ್ಟದ್ದಲ್ಲ ಎಂಬುದಕ್ಕೆ ಹಿರೋಶಿಗೆಯ 1856ರ ‘ಸರುವಾಕಾಚೋ ರಾತ್ರಿ’ ಇದೆ. ನಾಟಕಶಾಲೆಗಳ ಬೀದಿಯಲ್ಲಿ ಹುಣ್ಣಿಮೆಗೆ ಪ್ರತಿಯೊಬ್ಬರ ಹಿಂದೆಯೂ ನೆರಳಿದೆ. ಬೇಕಾದಾಗ ಬರೆದ, ಬೇಡವಾದಾಗ ಬಿಟ್ಟ. ಬೆಳಕು ವಸ್ತುವಿನ ಮೇಲೆ ಬೀಳುವಂಥದ್ದು ಎಂಬುದು ಒಂದು ತಿಳಿವಳಿಕೆ. ಬೆಳಕು ನೀರಿಗೂ ಗಾಳಿಗೂ ಬೆರೆತು ನಿಂತಿರುವಂಥದ್ದು ಎಂಬುದು ಇನ್ನೊಂದು. ಕಡಲ ಮುಂದೆ ನಿಂತಾಗ ಈ ಎರಡನೆಯದೇ ನಿಜ: ಅಲ್ಲಿ ನೆರಳು ಬೀಳಲು ಏನೂ ಇರುವುದಿಲ್ಲ, ಆದರೂ ಹೊತ್ತು ಎಷ್ಟಾಯಿತೆಂದು ಬಾನಂಚನ್ನು ನೋಡಿದರೆ ತಿಳಿಯುತ್ತದೆ. ಎದೋ ಕೊಲ್ಲಿಯ ದಡದ ತಕನಾವಾ ಉಶಿಮಾಚಿಯನ್ನೇ ಎರಡು ಸಲ ನೋಡಬಹುದು. 1857ರಲ್ಲಿ ಹಿರೋಶಿಗೆ ಅಲ್ಲಿ ಎತ್ತಿನ ಗಾಡಿಯ ಚಕ್ರ, ಕಲ್ಲಂಗಡಿ ಸಿಪ್ಪೆ, ನಾಯಿಮರಿಗಳು, ಆಚೆ ಹಾಯಿದೋಣಿ, ಮೇಲೊಂದು ಕಾಮನಬಿಲ್ಲು ಬರೆದ. 1872ರಲ್ಲಿ ಜಪಾನಿನ ಮೊದಲ ರೈಲು ಮಾರ್ಗ ತಕನಾವಾದಲ್ಲಿ ಸಮುದ್ರದೊಳಗೆ ಕಟ್ಟಿದ ಕಲ್ಲಿನ ಏರಿಯ ಮೇಲೆ ಹಾದುಹೋಯಿತು. 1879ರಲ್ಲಿ ಕೊಬಯಾಶಿ ಕಿಯೋಚಿಕಾ ಅದೇ ದಡವನ್ನು ಮಸುಕು ಬೆಳದಿಂಗಳಲ್ಲಿ ಬರೆದಾಗ ಏರಿಯ ಮೇಲೆ ಉಗಿಬಂಡಿ, ಕಿಟಕಿಗಳಲ್ಲಿ ದೀಪ. ಅವನ ಇಂಥ ಚಿತ್ರಗಳಿಗೆ ‘ಬೆಳಕಿನ ಕಿರಣದ ಚಿತ್ರ’ ಎಂದೇ ಹೆಸರು ಬಿತ್ತು. ಪಾಶ್ಚಾತ್ಯ ಛಾಯಾಚಿತ್ರ, ಎಣ್ಣೆ ಬಣ್ಣ ಎಲ್ಲವನ್ನೂ ಕಂಡಿದ್ದ ಕಿಯೋಚಿಕಾ, ರಾತ್ರಿಯ ನೀರನ್ನು ತೋರಿಸಬೇಕಾದಾಗ ನೆಚ್ಚಿಕೊಂಡದ್ದು ಮಾತ್ರ ಹಳೆಯ ಅಚ್ಚಿನ ಮನೆಯ ಬಣ್ಣದ ಇಳಿತವನ್ನೇ.

ಈ ವಾದಕ್ಕೆ ಅತಿ ಗಟ್ಟಿ ಸಾಕ್ಷಿ ಸಿಗುವುದು ಇಪ್ಪತ್ತನೇ ಶತಮಾನದಲ್ಲಿ. ಯೋಶಿದಾ ಹಿರೋಶಿ (1876–1950) ಮೊದಲು ಎಣ್ಣೆ ಬಣ್ಣ, ಜಲವರ್ಣಗಳ ಕಲಾವಿದ. ನಡುವಯಸ್ಸಿನಲ್ಲಿ ಮರದಚ್ಚಿಗೆ ತಿರುಗಿ, ಕೆತ್ತುವವರನ್ನೂ ಅಚ್ಚೊತ್ತುವವರನ್ನೂ ತನ್ನದೇ ಮನೆಯಲ್ಲಿಟ್ಟುಕೊಂಡ. 1926ರಲ್ಲಿ ಸೆತೋ ಒಳಗಡಲಿನ ‘ಹಾಯಿದೋಣಿಗಳು’ ತಂದ. ನಿಂತ ನೀರಿನ ಮೇಲೆ ದೋಣಿ, ಎತ್ತರದ ಹಾಯಿ, ನೀರಲ್ಲಿ ಅದರ ಉದ್ದ ಪ್ರತಿಬಿಂಬ. ಬಹುಮಟ್ಟಿಗೆ ಅವೇ ಹಲಗೆಗಳಿಂದ ಆರು ಚಿತ್ರ: ಬೆಳಗು, ಮುಂಜಾನೆಯ ಏರುಹೊತ್ತು, ಮಧ್ಯಾಹ್ನ, ಮಂಜು, ಸಂಜೆ, ರಾತ್ರಿ. ಬೆಳಗಿನಲ್ಲಿ ಬಾನಂಚು ಚಿನ್ನದ ಬಣ್ಣಕ್ಕೆ ತಿರುಗಿ ಹಾಯಿಯ ಅಂಚು ಬೆಚ್ಚಗಾಗಿದೆ; ಮಂಜಿನಲ್ಲಿ ಹಿಂದಿನ ದೋಣಿಗಳು ಕರಗಿ ನೆನಪಿನಂತಾಗಿವೆ; ರಾತ್ರಿಯಲ್ಲಿ ಹಾಯಿಯೇ ಒಂದು ಕತ್ತಲ ತುಂಡು. ರೇಖೆಯನ್ನು ಬಿಗಿಯಾಗಿ ಕಟ್ಟಿಹಾಕಿ ಬಣ್ಣ ಒತ್ತುವುದನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿದಂತಿದೆ ಇದು. ಫಲಿತಾಂಶ: ದಿನ ಪೂರ್ತಿ ಬದಲಾಗುತ್ತದೆ. ಇದೇ ಯೋಶಿದಾ 1930ರ ಚಳಿಗಾಲದಲ್ಲಿ ಭಾರತಕ್ಕೆ ಬಂದು ಅಲೆದಾಡಿ ಹೋಗಿ, ತಾಜ್‌ಮಹಲನ್ನೂ ಹೀಗೇ ಬೆಳಗಿನ ಮಂಜಿಗೆ ಒಂದು, ಇರುಳಿಗೆ ಒಂದು ಎಂದು ಒತ್ತಿಸಿದ. ಅವನ ಒಳ್ಳೆಯ ಪ್ರತಿಗಳ ಅಂಚಿನಲ್ಲಿ ‘ಜಿಜುರಿ’ ಎಂಬ ಮುದ್ರೆ ಇರುತ್ತದೆ, ‘ಸ್ವತಃ ಒತ್ತಿದ್ದು’ ಎಂದು ಅದರ ಅರ್ಥ. ಹೆಚ್ಚಿನಂಶ ಕೂಲಿಯ ಅಚ್ಚುಗಾರರೇ ಒತ್ತಿದ್ದು, ಯೋಶಿದಾ ಪಕ್ಕದಲ್ಲಿ ನಿಂತು ನೋಡಿಕೊಂಡದ್ದು. ಆದರೂ ಆ ಮುದ್ರೆ ಒಂದು ತಪ್ಪೊಪ್ಪಿಗೆಯಂತೆ ಕಾಣುತ್ತದೆ: ಒತ್ತಿದವನು ಯಾರು ಎಂಬುದೇ ಇಲ್ಲಿ ಮುಖ್ಯ ಎಂದು ಅವನಿಗೆ ಗೊತ್ತಿತ್ತು. 1937ರಲ್ಲಿ ನಿಕ್ಕೋದ ಯೋಮೆಯಿ ದ್ವಾರದ ಒಂದೇ ಚಿತ್ರಕ್ಕೆ 96 ಸಲ ಬಣ್ಣ ಒತ್ತಿಸಿದವನು ಅವನು.

ಅದೇ ಕಾಲದಲ್ಲಿ ಇದಕ್ಕೆ ನೇರ ವಿರುದ್ಧವಾದ ಪಂಥವೂ ಇತ್ತು. ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತಬೇಕು, ಆಗ ಮಾತ್ರ ಅದು ಕಲೆ ಎಂದ ಸೋಸಾಕು-ಹಂಗಾದವರು. ಆ ಪಂಥದ ಮೊದಲ ಕೃತಿಯೂ ಕಡಲಿನದೇ: ಯಮಮೋತೋ ಕನಾಯೆ 1904ರಲ್ಲಿ ತಂದ ‘ಮೀನುಗಾರ’. ದಡದಲ್ಲಿ ನಿಂತು ನೀರಿನತ್ತ ನೋಡುವ ಒಬ್ಬ ಮನುಷ್ಯ, ಒರಟು ಉಳಿಯ ಗುರುತು, ಬಣ್ಣ ಎರಡೇ. ಪ್ರಾಮಾಣಿಕವಾದ, ಬಲವಾದ ಚಿತ್ರ. ಆದರೆ ಅದರಲ್ಲಿ ಹೊತ್ತು ಯಾವುದು ಎಂದು ಕೇಳಿದರೆ ಹೇಳುವುದು ಕಷ್ಟ. ಒಬ್ಬನೇ ಎಲ್ಲವನ್ನೂ ಮಾಡಿದಾಗ ವ್ಯಕ್ತಿತ್ವ ಬಂತು, ತಲೆತಲಾಂತರದಿಂದ ಪಳಗಿದ ಆ ಮಣಿಕಟ್ಟು ತಪ್ಪಿತು. ಇದರ ಎದುರು ಪ್ರಕಾಶಕ ವತನಾಬೆ ಶೋಜಬುರೋನ ಅಚ್ಚಿನ ಮನೆಯಲ್ಲಿ ಕವಾಸೆ ಹಸುಯಿ (1883–1957) ಬರೆದ ಕಡಲು, ಮಳೆ, ಮುಸ್ಸಂಜೆಗಳನ್ನಿಟ್ಟು ನೋಡಬೇಕು. ಉಜ್ಜಿದ ಬರೆನ್ನಿನ ಸುತ್ತುಗೆರೆಗಳು ಕಾಗದದಲ್ಲಿ ಕಾಣಬಾರದು ಎಂಬುದು ಹಳೆಯ ಅಚ್ಚುಗಾರರ ಶಿಸ್ತು. ವತನಾಬೆ ಅವನ್ನು ಬೇಕೆಂದೇ ಉಳಿಸಿದ. ಆಕಾಶದಲ್ಲಿ ಗಾಳಿ ಅಲುಗಾಡುವಂತೆ ಕಾಣುವುದು ಆ ಗುರುತುಗಳಿಂದ. 1923ರ ಸೆಪ್ಟೆಂಬರ್ 1ರ ಭೂಕಂಪ, ಬೆಂಕಿಯಲ್ಲಿ ವತನಾಬೆಯ ಅಂಗಡಿ, ಹಲಗೆಗಳು, ಹಸುಯಿಯ ಸ್ಕೆಚ್ ಪುಸ್ತಕಗಳು ಎಲ್ಲ ಸುಟ್ಟುಹೋದವು. ವರ್ಷ ತಿರುಗುವುದರಲ್ಲಿ ಅವರು ಮತ್ತೆ ಚಿತ್ರ ತರತೊಡಗಿದ್ದು, ಹಲಗೆ ಸುಟ್ಟರೂ ಕಲಿತ ಕೈಗಳು ಉಳಿದಿದ್ದವು ಎಂಬ ಕಾರಣಕ್ಕೆ.

ಇದನ್ನೆಲ್ಲ ಒಪ್ಪಿದರೂ ಇಂದು ಅದರಿಂದ ಆಗಬೇಕಾದ್ದೇನು ಎಂದು ಕೇಳಬಹುದು. ಆಗಬೇಕಾದದ್ದು ಸಣ್ಣದು, ಖರ್ಚಿಲ್ಲದ್ದು. ಮ್ಯೂಸಿಯಂಗಳು ಚಿತ್ರದ ಚೀಟಿಯಲ್ಲಿ ಪ್ರಕಾಶಕನ ಹೆಸರನ್ನೂ, ಕೆತ್ತನೆಗಾರ, ಅಚ್ಚುಗಾರರ ಹೆಸರು ಹಾಳೆಯ ಮೇಲೆ ಇದ್ದಲ್ಲಿ ಅವನ್ನೂ ಬರೆಯಲಿ. ಇಲ್ಲದಿದ್ದಲ್ಲಿ ‘ಅಚ್ಚುಗಾರ: ಹೆಸರು ತಿಳಿದಿಲ್ಲ’ ಎಂದು ಒಂದು ಸಾಲು ಸೇರಿಸಲಿ. ಆ ಒಂದು ಸಾಲು ಓದಿದವರ ಕಣ್ಣು ಅಲೆಯಿಂದ ಆಕಾಶಕ್ಕೆ ಸರಿಯುತ್ತದೆ. ಮ್ಯೂಸಿಯಂಗಳು ಈ ಹಾಳೆಗಳನ್ನು ಸುಮಾರು 50 ಲಕ್ಸ್‌ನಷ್ಟು ಮಂದ ದೀಪದಲ್ಲಿ ಕೆಲವೇ ವಾರ ತೋರಿಸಿ ಮತ್ತೆ ಕತ್ತಲಿಗೆ ಸೇರಿಸುತ್ತವೆ, ಏಕೆಂದರೆ ಹೂವಿನ ಬಣ್ಣಗಳು ಬೆಳಕಿಗೆ ಮಾಸುತ್ತವೆ. ಹೊಕುಸಾಯ್‌ನ ಅಲೆಯ ಮೇಲಿನ ಆಕಾಶದಲ್ಲಿ ಮೊದಲು ತಿಳಿಗುಲಾಬಿಯ ಮೋಡವೊಂದಿತ್ತು. ಹೆಚ್ಚಿನ ಪ್ರತಿಗಳಲ್ಲಿ ಅದೀಗ ಕಾಣುವುದೇ ಇಲ್ಲ. ನಮ್ಮ ಪತ್ರಿಕೆ, ಪಠ್ಯಪುಸ್ತಕ, ಪುಸ್ತಕದ ಮುಖಪುಟಗಳಿಗೂ ಒಂದು ಕೋರಿಕೆ: ಆ ಚಿತ್ರವನ್ನು ಹಾಕುವಾಗ ಜಾಗ ಸಾಲದೆಂದು ಮೇಲಿನ ಭಾಗವನ್ನು ಕತ್ತರಿಸಬೇಡಿ. ಹಲವು ಮ್ಯೂಸಿಯಂಗಳು ದೊಡ್ಡ ಗಾತ್ರದ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ. ಒಂದೇ ಚಿತ್ರದ ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಆಕಾಶವನ್ನಷ್ಟೇ ಹೋಲಿಸಿ ನೋಡಿ. ಅಲೆಯ ಚಿತ್ರದ ಎಡ ಮೂಲೆಯಲ್ಲಿರುವ ಸಹಿಯನ್ನೂ ಓದಿಸಿಕೊಳ್ಳಿ. ‘ಹಿಂದೆ ಹೊಕುಸಾಯ್ ಆಗಿದ್ದ ಇಯಿತ್ಸುವಿನ ಕುಂಚ’ ಎಂದಿದೆ ಅಲ್ಲಿ. ಕುಂಚ ತನ್ನದು ಎಂದಷ್ಟೇ ಹೊಕುಸಾಯ್ ಹೇಳಿಕೊಂಡಿದ್ದು. ಉಳಿದದ್ದನ್ನೂ ಅವನ ಲೆಕ್ಕಕ್ಕೆ ಬರೆದವರು ನಾವು.